ಯಾವ ತಳಿಯ ಇಲಿ? ಆಂಟಿಸೈಕೋಟಿಕ್ ಔಷಧಗಳ ಪರಿಣಾಮವೂ ವಂಶವಾಹಿಗಳೂ

ನೆಲದಿಂದ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿ ಅಡ್ಡಲಾಗಿ ಬಿಗಿದ ಒಂದು ತೆಳ್ಳನೆಯ ಸರಳು. ಹ್ಯಾಲೊಪೆರಿಡಾಲ್ ಚುಚ್ಚುಮದ್ದು ಪಡೆದು ಅರ್ಧ ಗಂಟೆಯೋ ಒಂದು ಗಂಟೆಯೋ ಆಗಿರುವ ಇಲಿಯನ್ನು ತಂದು, ಅದರ ಮುಂಗಾಲುಗಳೆರಡನ್ನೂ ಆ ಸರಳಿನ ಮೇಲೆ ಮೆಲ್ಲಗೆ ಇಟ್ಟು, ಕೈ ಬಿಟ್ಟು, ಗಡಿಯಾರ ನೋಡುತ್ತಾರೆ. ಔಷಧ ಪಡೆಯದ ಇಲಿ ಹಾಗೆ ನಿಲ್ಲುವುದೇ ಇಲ್ಲ. ಮರುಕ್ಷಣವೇ ಕಾಲು ಕೆಳಗಿಟ್ಟು ಪಂಜರದ ಮೂಲೆ ಸೇರುತ್ತದೆ. ಔಷಧ ಪಡೆದ ಇಲಿ ಅದೇ ವಿಚಿತ್ರ ಭಂಗಿಯಲ್ಲಿ ನಿಂತುಬಿಡುತ್ತದೆ. ಅದರ ಪ್ರಜ್ಞೆ ತಪ್ಪಿಲ್ಲ, ಅದಕ್ಕೆ ನಿದ್ದೆ ಬಂದಿಲ್ಲ, ಕಾಲುಗಳಿಗೆ ಲಕ್ವವೂ ಹೊಡೆದಿಲ್ಲ. ಚಲನೆಯನ್ನು ತಾನಾಗಿ ಆರಂಭಿಸುವುದಷ್ಟೇ ಅದರ ಕೈಲಾಗುತ್ತಿಲ್ಲ. ಈ ಸ್ಥಿತಿಗೆ ಕ್ಯಾಟಲೆಪ್ಸಿ ಎಂದು ಹೆಸರು. ಸ್ಕಿಜೋಫ್ರೀನಿಯಾದಂಥ ತೀವ್ರ ಮನೋರೋಗಗಳಿಗೆ ಕೊಡುವ ಆಂಟಿಸೈಕೋಟಿಕ್ ಔಷಧಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಸರಳಿನ ಪರೀಕ್ಷೆಯಲ್ಲಿ ತೂಗಿ ನೋಡಲಾಗಿದೆ.

ಆದರೆ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಕೊಟ್ಟರೂ ಎಲ್ಲ ಇಲಿಗಳೂ ಒಂದೇ ರೀತಿ ಸ್ತಬ್ಧವಾಗುವುದಿಲ್ಲ. ಡಿಬಿಎ/2ಜೆ ಎಂಬ ತಳಿಯ ಇಲಿಗಳು ಕಡಿಮೆ ಪ್ರಮಾಣದ ಹ್ಯಾಲೊಪೆರಿಡಾಲ್‌ಗೇ ಸರಳಿನ ಮೇಲೆ ನಿಂತುಬಿಡುತ್ತವೆ. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಿ57ಬಿಎಲ್/6ಜೆ ತಳಿಯ ಇಲಿಗಳಿಗೆ ಅದಕ್ಕಿಂತ ಸಾಕಷ್ಟು ಹೆಚ್ಚು ಪ್ರಮಾಣ ಬೇಕಾಗುತ್ತದೆ. ಎರಡೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡ ತಳಿಗಳು. ಒಡಹುಟ್ಟಿದವುಗಳನ್ನೇ ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳ ಕಾಲ ಪರಸ್ಪರ ಕೂಡಿಸುತ್ತ ಬಂದುದರಿಂದ, ಒಂದು ತಳಿಯೊಳಗಿನ ಇಲಿಗಳೆಲ್ಲ ವಂಶವಾಹಿಗಳ ಮಟ್ಟಿಗೆ ಹೆಚ್ಚೂಕಡಿಮೆ ಅವಳಿಗಳಿದ್ದಂತೆ. ಹಾಗಾಗಿ ಒಂದೇ ಕೋಣೆಯಲ್ಲಿ, ಒಂದೇ ಆಹಾರ ತಿಂದು ಬೆಳೆದ ಈ ಎರಡು ತಳಿಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ವಂಶವಾಹಿಗಳೇ ಮುಖ್ಯ ಕಾರಣವೆಂದು ಹೇಳಲು ಸಾಧ್ಯವಾಗುತ್ತದೆ. ಹೊಸ ಔಷಧಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಅಗತ್ಯವೇ ಇದೆಯೇ ಎಂಬ ಚರ್ಚೆ ಕಾನೂನಿನ ಮಟ್ಟಕ್ಕೆ ಬಂದಿರುವ ಈ ಹೊತ್ತಿನಲ್ಲಿ, ಪ್ರಾಣಿಗಳು ಈ ಔಷಧಗಳ ಬಗ್ಗೆ ಇಲ್ಲಿಯವರೆಗೆ ನಿಜಕ್ಕೂ ಏನು ತಿಳಿಸಿಕೊಟ್ಟಿವೆ, ಏನನ್ನು ತಿಳಿಸಿಕೊಟ್ಟಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಅವಶ್ಯ. ನನ್ನ ಅಭಿಪ್ರಾಯ ಇಷ್ಟು: ಈ ಔಷಧಗಳಿಂದ ಯಾರಿಗೆ ತೊಂದರೆ ಹೆಚ್ಚಾಗಬಹುದು ಎಂಬುದಕ್ಕೆ ಪ್ರಾಣಿಗಳ ವಂಶವಾಹಿ ಸಂಶೋಧನೆ ಗಟ್ಟಿ ಉತ್ತರಗಳನ್ನು ಕೊಟ್ಟಿದೆ, ಯಾರಿಗೆ ರೋಗ ವಾಸಿಯಾದೀತು ಎಂಬುದಕ್ಕೆ ಕೊಟ್ಟಿರುವ ಉತ್ತರಗಳು ಬಹಳ ತೆಳು. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಔಷಧ ಸಂಶೋಧನೆಯೂ ರೋಗಿಗಳೂ ಬೆಲೆ ತೆತ್ತಿದ್ದಾರೆ.

ಆ ತಪ್ಪು ತಿಳಿವಳಿಕೆ ಹುಟ್ಟಿದ ಬಗೆಯನ್ನು ತುಸು ನೋಡಬೇಕು. 1952ರಲ್ಲಿ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜ್ಯಾಂ ದೆಲೇ ಮತ್ತು ಪಿಯೇರ್ ದೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಬಳಸಿ ಮನೋರೋಗಿಗಳಲ್ಲಿ ಕಂಡ ಸುಧಾರಣೆಯನ್ನು ಪ್ರಕಟಿಸಿದರು. ಅದನ್ನು ತಯಾರಿಸಿದ್ದ ರೋನ್ ಪೂಲೆಂಕ್ ಕಂಪನಿಯ ಸಂಶೋಧಕರು ಮರುವರ್ಷವೇ ಇಲಿಗಳಲ್ಲಿ ಒಂದು ವಿಶಿಷ್ಟ ಪರಿಣಾಮವನ್ನು ದಾಖಲಿಸಿದರು. ಗಂಟೆ ಬಾರಿಸಿದ ಮೇಲೆ ವಿದ್ಯುತ್ ಶಾಕ್ ಬರುತ್ತದೆಂದು ಕಲಿತ ಇಲಿ ಗಂಟೆ ಕೇಳಿದೊಡನೆ ಸುರಕ್ಷಿತ ಜಾಗಕ್ಕೆ ಓಡುತ್ತದೆ. ಕ್ಲೋರ್‌ಪ್ರೊಮಜಿನ್ ಪಡೆದ ಇಲಿ ಗಂಟೆಗೆ ಓಗೊಡುವುದಿಲ್ಲ, ಶಾಕ್ ತಗುಲಿದಾಗ ಮಾತ್ರ ಓಡುತ್ತದೆ. ಓಡುವ ಶಕ್ತಿ ಇದೆ, ಮುನ್ಸೂಚನೆಗೆ ಇದ್ದ ಒತ್ತಡ ಇಲ್ಲ. 1958ರಲ್ಲಿ ಬೆಲ್ಜಿಯಂನ ಪಾಲ್ ಯಾನ್ಸೆನ್ ಅವರ ಪ್ರಯೋಗಾಲಯದಲ್ಲಿ ಹ್ಯಾಲೊಪೆರಿಡಾಲ್ ತಯಾರಾಯಿತು. 1963ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಈ ಎರಡೂ ಔಷಧಗಳನ್ನು ಇಲಿಗಳಿಗೆ ಕೊಟ್ಟು, ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್‌ನಂಥ ನರವಾಹಕಗಳ ವಿಘಟಿತ ಅಂಶಗಳು ಹೆಚ್ಚಾಗುವುದನ್ನು ಕಂಡು, ಆ ನರವಾಹಕಗಳು ಬಂದು ಕೂರುವ ಗ್ರಾಹಕಗಳನ್ನು ಔಷಧಗಳು ಮುಚ್ಚುತ್ತಿರಬೇಕೆಂದು ಊಹಿಸಿದರು. ಮುಂದಿನ ದಶಕದಲ್ಲಿ ಡಿ2 ಎಂಬ ಡೋಪಮಿನ್ ಗ್ರಾಹಕವೇ ಈ ಔಷಧಗಳ ಪ್ರಧಾನ ಗುರಿ ಎಂಬುದು ಖಚಿತವಾಯಿತು.

ಇಷ್ಟಾದ ಮೇಲೆ ಕ್ಯಾಟಲೆಪ್ಸಿ ಉಂಟುಮಾಡುವುದು ಒಳ್ಳೆಯ ಆಂಟಿಸೈಕೋಟಿಕ್‌ನ ಲಕ್ಷಣವೆಂದೇ ಬಹುಕಾಲ ನಂಬಲಾಗಿತ್ತು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವಾಂಡರ್ ಕಂಪನಿ ತಯಾರಿಸಿದ ಕ್ಲೋಜಪಿನ್ ಈ ನಂಬಿಕೆಗೆ ಸಿಕ್ಕಿಕೊಂಡಿತು. ಅದು ಇಲಿಗಳನ್ನು ಸರಳಿನ ಮೇಲೆ ಸ್ತಬ್ಧಗೊಳಿಸಲಿಲ್ಲ; ಆದ್ದರಿಂದ ಅದು ಮನೋರೋಗಕ್ಕೆ ಉಪಯೋಗಕ್ಕೆ ಬಾರದೆಂಬ ಅನುಮಾನ ಮೂಡಿತು. ರೋಗಿಗಳಲ್ಲಿ ಅದು ಕೆಲಸ ಮಾಡುತ್ತದೆಂದು ಯುರೋಪಿನ ವೈದ್ಯರು ಕಂಡುಕೊಂಡರೂ, 1975ರಲ್ಲಿ ಫಿನ್ಲೆಂಡ್‌ನಲ್ಲಿ ಬಿಳಿ ರಕ್ತಕಣಗಳು ಕುಸಿದು ಸಾವುಗಳು ಸಂಭವಿಸಿದ್ದರಿಂದ ಅದರ ಬಳಕೆ ಮತ್ತೆ ಹಿಂದೆ ಸರಿಯಿತು. ಕೊನೆಗೆ 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೇರೆ ಔಷಧಗಳಿಗೆ ಬಗ್ಗದ ರೋಗಿಗಳ ಪೈಕಿ ಕ್ಲೋಜಪಿನ್ ಪಡೆದವರಲ್ಲಿ ಶೇ 30ರಷ್ಟು ಮಂದಿ ಚೇತರಿಕೆ ಕಂಡರೆ ಕ್ಲೋರ್‌ಪ್ರೊಮಜಿನ್ ಪಡೆದವರಲ್ಲಿ ಆ ಪ್ರಮಾಣ ಶೇ 4 ಮಾತ್ರ ಇತ್ತು. ಸರಳಿನ ಪರೀಕ್ಷೆಯಲ್ಲಿ ಉತ್ತೀರ್ಣವಾಗದ ಔಷಧವೇ ಅತ್ಯಂತ ಕಠಿಣ ರೋಗಿಗಳಿಗೆ ಹೆಚ್ಚು ಫಲಕಾರಿಯಾಯಿತು. ಕ್ಯಾಟಲೆಪ್ಸಿ ಎಂಬುದು ಚಿಕಿತ್ಸೆಯ ಗುರುತಾಗಿರಲೇ ಇಲ್ಲ. ಮನುಷ್ಯರಲ್ಲಿ ಕೈ ನಡುಕ, ಮೈ ಬಿಗಿತ, ಭಾವವಿಲ್ಲದ ಮುಖ, ಎಳೆದೆಳೆದು ಇಡುವ ಹೆಜ್ಜೆ ಎಂದು ಕಾಣಿಸಿಕೊಳ್ಳುವ ಪಾರ್ಕಿನ್ಸನ್ ಮಾದರಿಯ ಅಡ್ಡಪರಿಣಾಮದ ಗುರುತಾಗಿತ್ತು.

ಈ ಎರಡು ಪರಿಣಾಮಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ಮಿದುಳಿನ ಸ್ಕ್ಯಾನ್‌ಗಳು ಅನಂತರ ತೋರಿಸಿದವು. 2000ದಲ್ಲಿ ಟೊರಾಂಟೊದ ಸಂಶೋಧಕರು ಮೊದಲ ಬಾರಿ ರೋಗಕ್ಕೆ ತುತ್ತಾದವರಿಗೆ ಕಡಿಮೆ ಪ್ರಮಾಣದ ಹ್ಯಾಲೊಪೆರಿಡಾಲ್ ಕೊಟ್ಟು ನೋಡಿದಾಗ, ಡಿ2 ಗ್ರಾಹಕಗಳಲ್ಲಿ ಸುಮಾರು ಶೇ 65ರಷ್ಟು ಮುಚ್ಚಿದ ಮೇಲೆ ಚಿಕಿತ್ಸೆಯ ಫಲ ಕಾಣತೊಡಗಿ, ಸುಮಾರು ಶೇ 78 ದಾಟಿದಾಗ ಚಲನೆಯ ತೊಂದರೆಗಳು ಆರಂಭವಾದವು. ಇಲಿಗಳಲ್ಲೂ ಹೆಚ್ಚೂಕಡಿಮೆ ಇದೇ ಲೆಕ್ಕ: ಗಂಟೆಯ ಪರೀಕ್ಷೆಯಲ್ಲಿ ಪರಿಣಾಮ ಕಾಣಲು ಬೇಕಾಗುವ ಮಟ್ಟಕ್ಕಿಂತ ಸರಳಿನ ಮೇಲೆ ಸ್ತಬ್ಧವಾಗಲು ಬೇಕಾಗುವ ಮಟ್ಟ ಹೆಚ್ಚು, ಅಂದರೆ ಸುಮಾರು ಶೇ 80ಕ್ಕೂ ಮೇಲೆ. ಎರಡು ಗಡಿಗಳ ನಡುವೆ ಇರುವುದು ಹತ್ತು ಹದಿನೈದು ಶೇಕಡದ ಜಾಗ. ಒಬ್ಬ ವ್ಯಕ್ತಿಯ ದೇಹ ಔಷಧವನ್ನು ತುಸು ನಿಧಾನವಾಗಿ ಹೊರಹಾಕಿದರೆ, ಮಿದುಳಿನೊಳಗೆ ತುಸು ಹೆಚ್ಚಾಗಿ ಬಿಟ್ಟುಕೊಂಡರೆ, ಆ ಜಾಗ ಇಲ್ಲವಾಗುತ್ತದೆ. ವಂಶವಾಹಿಗಳ ಪ್ರಭಾವ ಮುಖ್ಯವಾಗುವುದು ಇಲ್ಲಿಯೇ.

ಗ್ರಾಹಕದಿಂದಲೇ ಆರಂಭಿಸೋಣ. ಅಮೆರಿಕದ ರಾಬರ್ಟ್ ಹಿಟ್ಜ್‌ಮನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಈ ವಿಷಯವನ್ನು ಎರಡು ದಾರಿಗಳಲ್ಲಿ ಬೆನ್ನಟ್ಟಿದರು. ಮೊದಲನೆಯ ದಾರಿ ಆಯ್ಕೆಯ ತಳಿ ಸಂವರ್ಧನೆ. ಎಂಟು ತಳಿಗಳ ಮಿಶ್ರಣದಿಂದ ಬಂದ ಇಲಿಗಳಲ್ಲಿ ಹ್ಯಾಲೊಪೆರಿಡಾಲ್‌ಗೆ ಬೇಗ ಸ್ತಬ್ಧವಾಗುವವನ್ನು ಒಂದು ಕಡೆ, ಸುಲಭಕ್ಕೆ ಜಗ್ಗದವನ್ನು ಇನ್ನೊಂದು ಕಡೆ ಬೇರ್ಪಡಿಸಿ, ಆಯಾ ಗುಂಪಿನೊಳಗೇ ಕೂಡಿಸುತ್ತ ಹೋದಾಗ, ಕೆಲವೇ ತಲೆಮಾರುಗಳಲ್ಲಿ ಎರಡು ಗುಂಪುಗಳ ನಡುವೆ ದೊಡ್ಡ ಅಂತರ ಏರ್ಪಟ್ಟಿತು. ಹೈನು ರಾಸುಗಳಲ್ಲಿ ಹಾಲಿನ ಇಳುವರಿಗಾಗಿ ಮಾಡುವ ಆಯ್ಕೆಯ ಕ್ರಮವೇ ಇದು. ಆಯ್ಕೆಗೆ ಗುಣ ಹೀಗೆ ಬಗ್ಗಿತೆಂದರೆ ಅದು ವಂಶಪಾರಂಪರ್ಯವಾಗಿ ಬರುತ್ತದೆಂದೇ ಅರ್ಥ. ಎರಡನೆಯ ದಾರಿ ನಕ್ಷೆ ಹುಡುಕುವುದು. ಸಿ57ಬಿಎಲ್/6ಜೆ ಮತ್ತು ಡಿಬಿಎ/2ಜೆ ತಳಿಗಳನ್ನು ಬೆರೆಸಿ, ಮೊಮ್ಮಕ್ಕಳಿಂದ ಮುಂದಕ್ಕೆ ಮತ್ತೆ ಒಡಹುಟ್ಟಿದವುಗಳನ್ನೇ ಕೂಡಿಸಿ ಪಡೆದ ಬಿಎಕ್ಸ್‌ಡಿ ಎಂಬ ತಳಿಗಳ ಸಮೂಹದಲ್ಲಿ ಪ್ರತಿ ತಳಿಯೂ ಎರಡು ಮೂಲಗಳ ವರ್ಣತಂತುಗಳ ಬೇರೆ ಬೇರೆ ತುಣುಕುಗಳನ್ನು ಹೊತ್ತಿರುತ್ತದೆ. ಯಾವ ತುಣುಕು ಯಾರಿಂದ ಬಂದಾಗ ಕ್ಯಾಟಲೆಪ್ಸಿ ಬೇಗ ಬರುತ್ತದೆ ಎಂದು ಲೆಕ್ಕ ಹಾಕಿದಾಗ, ಎದ್ದು ಕಂಡ ಜಾಗಗಳಲ್ಲೊಂದು ಒಂಬತ್ತನೆಯ ವರ್ಣತಂತುವಿನಲ್ಲಿತ್ತು. ಡಿ2 ಗ್ರಾಹಕವನ್ನು ಕಟ್ಟುವ ಡಿಆರ್‌ಡಿ2 ಎಂಬ ಜೀನ್, ಅಂದರೆ ವಂಶವಾಹಿ, ಇರುವ ಪ್ರದೇಶವೇ ಅದು.

ಇದು ತೀರಾ ನಿರೀಕ್ಷಿತ ಉತ್ತರದಂತೆ ಕಂಡರೂ ಅಲ್ಲಿಗೆ ಮುಗಿಯಲಿಲ್ಲ. ಇಂಥ ನಕ್ಷೆಯಲ್ಲಿ ಸಿಗುವುದು ಒಂದು ಪ್ರದೇಶವೇ ಹೊರತು ಒಂದು ಜೀನ್ ಅಲ್ಲ. ಆ ಪ್ರದೇಶದಲ್ಲಿ ಇನ್ನೂ ಅನೇಕ ಜೀನ್‌ಗಳಿರುತ್ತವೆ, ಮತ್ತು ಬೇರೆ ವರ್ಣತಂತುಗಳ ಕೊಡುಗೆಯೂ ಇತ್ತು. ಆಯ್ಕೆಯ ಗುಂಪುಗಳ ಮಿದುಳನ್ನು ಪರೀಕ್ಷಿಸಿದಾಗ, ಚಲನೆಯನ್ನು ನಿಯಂತ್ರಿಸುವ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ನರವಾಹಕವನ್ನು ಬಳಸುವ ನರಕೋಶಗಳ ವಿನ್ಯಾಸವೂ ಬೇರೆಯಾಗಿರುವುದು ಕಂಡುಬಂತು. ಔಷಧ ಮುಚ್ಚುವುದು ಡೋಪಮಿನ್ ಗ್ರಾಹಕವನ್ನೇ ಆದರೂ, ಆ ಮುಚ್ಚುವಿಕೆ ಮೈಯ ಚಲನೆಯಾಗಿ ಹೇಗೆ ವ್ಯಕ್ತವಾಗುತ್ತದೆ ಎಂಬುದನ್ನು ಪಕ್ಕದ ನರಜಾಲವೂ ನಿರ್ಧರಿಸುತ್ತದೆ. ಹ್ಯಾಲೊಪೆರಿಡಾಲ್ ಪಡೆಯುವ ರೋಗಿಗಳ ಚೀಟಿಯಲ್ಲಿ ಬಿಗಿತಕ್ಕಾಗಿ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೂ ಇರುವುದನ್ನು ಅನೇಕ ಮನೆಗಳವರು ಕಂಡಿರುತ್ತಾರೆ. ಆ ಮಾತ್ರೆ ತಡೆಯುವುದು ಅಸಿಟೈಲ್‌ಕೋಲಿನ್ನಿನ ಕೆಲಸವನ್ನೇ.

ಒಂದು ಜೀನ್ ಅನ್ನು ಪೂರ್ತಿ ತೆಗೆದುಹಾಕಿದ ಇಲಿಗಳು ಇನ್ನೂ ನೇರವಾದ ಸಾಕ್ಷ್ಯ ಕೊಟ್ಟವು. ಡಿ2 ಗ್ರಾಹಕವೇ ಇಲ್ಲದ ಇಲಿಗಳಿಗೆ ಹ್ಯಾಲೊಪೆರಿಡಾಲ್ ಕೊಟ್ಟರೆ ಕ್ಯಾಟಲೆಪ್ಸಿ ಬರುವುದೇ ಇಲ್ಲ. ಅದರ ಹತ್ತಿರದ ಸಂಬಂಧಿಯಾದ ಡಿ3 ಗ್ರಾಹಕ ಇಲ್ಲದ ಇಲಿಗಳಲ್ಲಿ ಎಂದಿನಂತೆ ಬರುತ್ತದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಇದೇ ಇಲಿಗಳ ಇತಿಹಾಸದಲ್ಲಿ ಒಂದು ಎಚ್ಚರಿಕೆಯೂ ಇದೆ. 1995ರಲ್ಲಿ ಫ್ರಾನ್ಸಿನ ತಂಡವೊಂದು ಮೊದಲ ಬಾರಿ ಡಿ2 ಇಲ್ಲದ ಇಲಿಗಳನ್ನು ವರ್ಣಿಸಿದಾಗ, ಅವು ಪಾರ್ಕಿನ್ಸನ್ ರೋಗಿಗಳಂತೆ ಮಂದವಾಗಿ ಚಲಿಸುತ್ತವೆಂದು ಹೇಳಿತ್ತು. 1998ರಲ್ಲಿ ಅಮೆರಿಕದ ಇನ್ನೊಂದು ತಂಡ ತನ್ನದೇ ಡಿ2 ರಹಿತ ಇಲಿಗಳನ್ನು ಬೇರೆ ಬೇರೆ ತಳಿಗಳೊಂದಿಗೆ ಹೋಲಿಸಿ ನೋಡಿದಾಗ, ಆ ಮಂದತೆಯಲ್ಲಿ ಗಣನೀಯ ಪಾಲು ಜೀನ್ ತೆಗೆದದ್ದರಿಂದಲ್ಲ, ಹಿನ್ನೆಲೆಯಲ್ಲಿದ್ದ ‘129’ ಎಂಬ ಹೆಸರಿನ ತಳಿಯಿಂದ ಬಂದದ್ದೆಂದು ಗೊತ್ತಾಯಿತು. ಆ ತಳಿಯ ಇಲಿಗಳು ಸ್ವಭಾವತಃ ಕಡಿಮೆ ಓಡಾಡುವಂಥವು. ಒಂದು ಜೀನ್‌ನ ಪರಿಣಾಮವನ್ನು ಉಳಿದ ಸಾವಿರಾರು ಜೀನ್‌ಗಳ ಹಿನ್ನೆಲೆಯಿಂದ ಬಿಡಿಸಿ ಓದುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಗ್ರಾಹಕವನ್ನು ತಲುಪುವ ಮೊದಲು ಔಷಧ ಮಿದುಳಿನೊಳಗೆ ಹೋಗಬೇಕು. ಈ ಹಂತದಲ್ಲಿ ವಂಶವಾಹಿಗಳ ಕೈವಾಡ ಬೆಳಕಿಗೆ ಬಂದದ್ದು ಒಂದು ಆಕಸ್ಮಿಕದಿಂದ. 1990ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಪಿ-ಗ್ಲೈಕೊಪ್ರೊಟೀನ್ ಎಂಬ ಪ್ರೊಟೀನಿನ ಜೀನ್ ತೆಗೆದ ಇಲಿಗಳನ್ನು ಬೆಳೆಸಿದ್ದರು. ಮೇಲ್ನೋಟಕ್ಕೆ ಅವು ಆರೋಗ್ಯವಾಗಿಯೇ ಇದ್ದವು. ಪ್ರಾಣಿಗೃಹದಲ್ಲಿ ನುಸಿಯ ಕಾಟ ಕಾಣಿಸಿಕೊಂಡಾಗ ಎಲ್ಲ ಇಲಿಗಳಿಗೂ ಐವರ್ಮೆಕ್ಟಿನ್ ಸಿಂಪಡಿಸಲಾಯಿತು. ಸಾಮಾನ್ಯ ಇಲಿಗಳಿಗೆ ಏನೂ ಆಗಲಿಲ್ಲ. ಜೀನ್ ಇಲ್ಲದ ಇಲಿಗಳು ಸತ್ತವು. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಕುಳಿತು, ಒಳನುಸುಳುವ ಅನೇಕ ರಾಸಾಯನಿಕಗಳನ್ನು ಮರಳಿ ರಕ್ತಕ್ಕೆ ತಳ್ಳುವುದೇ ಈ ಪ್ರೊಟೀನಿನ ಕೆಲಸ. ಅದಿಲ್ಲದ ಇಲಿಗಳ ಮಿದುಳಿನಲ್ಲಿ ಐವರ್ಮೆಕ್ಟಿನ್ ತುಂಬಿಕೊಂಡಿತ್ತು. ಮುಂದೆ ರಿಸ್ಪೆರಿಡೋನ್ ಎಂಬ ಆಂಟಿಸೈಕೋಟಿಕ್ ಕೂಡ ಇದೇ ಪ್ರೊಟೀನಿನ ನಿಗಾದಲ್ಲಿದೆ ಎಂದು ತಿಳಿದುಬಂತು: ಪ್ರೊಟೀನ್ ಇಲ್ಲದ ಇಲಿಗಳ ರಕ್ತದಲ್ಲಿ ಔಷಧದ ಮಟ್ಟ ಬಹಳ ಬದಲಾಗದಿದ್ದರೂ ಮಿದುಳಿನಲ್ಲಿ ಅದು ಹಲವು ಪಟ್ಟು ಏರುತ್ತದೆ, ತಿರುಗುವ ಕೊರಡಿನ ಮೇಲೆ ಸಮತೋಲ ಕಾಯ್ದುಕೊಳ್ಳುವ ಪರೀಕ್ಷೆಯಲ್ಲಿ ಆ ಇಲಿಗಳು ಹೆಚ್ಚು ಎಡವುತ್ತವೆ. ರಕ್ತಪರೀಕ್ಷೆಯಲ್ಲಿ ಕಾಣುವ ಮಟ್ಟವನ್ನೇ ನಂಬಿದರೆ ಮಿದುಳಿನೊಳಗಿನ ಸ್ಥಿತಿ ತಪ್ಪಿಹೋಗಬಹುದೆಂಬ ಪಾಠ ಇದರಲ್ಲಿದೆ.

ಇಲಿಗಳಲ್ಲಿ ಮನುಷ್ಯರು ಬೇಕೆಂದೇ ಮಾಡಿದ ಈ ಬದಲಾವಣೆಗೆ ಸಮನಾದುದನ್ನು ಪ್ರಕೃತಿ ನಾಯಿಗಳಲ್ಲಿ ತಾನಾಗಿಯೇ ಮಾಡಿಟ್ಟಿದೆ. ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಮೊದಲಾದ ಕುರಿ ಕಾಯುವ ತಳಿಗಳ ಅನೇಕ ನಾಯಿಗಳಲ್ಲಿ ಇದೇ ಪ್ರೊಟೀನಿನ ಜೀನ್‌ನಿಂದ ನಾಲ್ಕು ಅಕ್ಷರಗಳಷ್ಟು ಡಿಎನ್‌ಎ ಉದುರಿಹೋಗಿದೆ. 2001ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರೀನಾ ಮೀಲಿ ಅವರ ತಂಡ ಇದನ್ನು ಗುರುತಿಸಿತು. ಕೋಲಿಗಳಿಗೆ ಐವರ್ಮೆಕ್ಟಿನ್ ಆಗಿಬರುವುದಿಲ್ಲ ಎಂದು ಪಶುವೈದ್ಯರು ಅನುಭವದಿಂದ ಕಂಡುಕೊಂಡಿದ್ದಕ್ಕೆ ಕಾರಣ ಆಗ ಸಿಕ್ಕಿತು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಏಸ್‌ಪ್ರೊಮಜಿನ್. ಇದು ಕ್ಲೋರ್‌ಪ್ರೊಮಜಿನ್‌ನ ಕುಟುಂಬಕ್ಕೇ ಸೇರಿದ, ಡೋಪಮಿನ್ ಗ್ರಾಹಕಗಳನ್ನು ತಡೆಯುವ ಔಷಧ; ನಾಯಿಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಶಾಂತಗೊಳಿಸಲು ಪಶುವೈದ್ಯರು ಬಳಸುತ್ತಾರೆ. ದೋಷವುಳ್ಳ ಜೀನ್‌ನ ಎರಡೂ ಪ್ರತಿಗಳಿರುವ ಕೋಲಿಗಳಿಗೆ ಇದನ್ನು ಕೊಟ್ಟಾಗ ಮಂಪರು ಇತರ ಕೋಲಿಗಳಿಗಿಂತ ಗಾಢವಾಗಿ, ಹೆಚ್ಚು ಹೊತ್ತು ಇರುವುದನ್ನು ಅಧ್ಯಯನಗಳು ದೃಢಪಡಿಸಿವೆ. ಆದ್ದರಿಂದ ಇಂಥ ನಾಯಿಗಳಿಗೆ ಪ್ರಮಾಣ ಕಡಿಮೆ ಮಾಡಬೇಕೆಂಬ ಸಲಹೆ ಇದೆ. ಕೆನ್ನೆಯ ಒಳಭಾಗವನ್ನು ಬ್ರಷ್‌ನಿಂದ ಸವರಿ ತೆಗೆದ ಕೋಶಗಳಲ್ಲೇ ಜೀನ್ ಪರೀಕ್ಷೆ ಮಾಡಬಹುದು. ಈ ಇಡೀ ಕ್ಷೇತ್ರದಲ್ಲಿ, ಪ್ರಾಣಿಯ ವಂಶವಾಹಿಯನ್ನು ನೋಡಿ ಅದೇ ಪ್ರಾಣಿಗೆ ಔಷಧದ ಪ್ರಮಾಣ ನಿರ್ಧರಿಸುವ ವಿವೇಕ ದಿನಬಳಕೆಗೆ ಬಂದಿರುವುದು ಪಶುವೈದ್ಯಕೀಯದಲ್ಲಿ ಎಂಬುದು ಗಮನಿಸಬೇಕಾದ ಸಂಗತಿ.

ಔಷಧವನ್ನು ಒಡೆಯುವ ಯಕೃತ್ತಿನ ವಿಷಯದಲ್ಲಿ ಮಾತ್ರ ಇಲಿ ನಮಗೆ ಕೈಕೊಡುತ್ತದೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮುಂತಾದವನ್ನು ಮನುಷ್ಯರಲ್ಲಿ ಒಡೆಯುವ ಕಿಣ್ವಗಳಲ್ಲಿ ಸಿವೈಪಿ2ಡಿ6 ಪ್ರಮುಖವಾದುದು. ಮನುಷ್ಯರಲ್ಲಿ ಈ ಗುಂಪಿನ ಕೆಲಸ ಮಾಡುವ ಜೀನ್ ಒಂದೇ. ಇಲಿಗಳಲ್ಲಿ ಅದೇ ಗುಂಪಿನ ಜೀನ್‌ಗಳು ಒಂಬತ್ತಿವೆ, ಅವುಗಳ ಕೆಲಸವೂ ಪೂರ್ತಿ ಹೊಂದುವುದಿಲ್ಲ. ಮನುಷ್ಯರ ಜೀನ್ ಅನ್ನೇ ಸೇರಿಸಿದ ಇಲಿಗಳನ್ನು ಸೃಷ್ಟಿಸಲಾಗಿದೆಯಾದರೂ, ಈ ಪ್ರಶ್ನೆಗೆ ನೇರ ಉತ್ತರ ಮನುಷ್ಯರಲ್ಲೇ ಸಿಗುತ್ತದೆ. ಯುರೋಪ್ ಮೂಲದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಈ ಕಿಣ್ವ ಕೆಲಸ ಮಾಡುವುದೇ ಇಲ್ಲ. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳ ಜನರಲ್ಲಿ ಆ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಪುದುಚೇರಿಯ ಜಿಪ್ಮರ್ ಸಂಸ್ಥೆಯ ಸಂಶೋಧಕರ ಅಧ್ಯಯನಗಳು ತೋರಿಸಿವೆ. ಈ ಕಿಣ್ವ ಕೆಲಸ ಮಾಡದವರಿಗೆ ಅರಿಪಿಪ್ರಜೋಲ್‌ನ ಪ್ರಮಾಣವನ್ನು ಅರ್ಧಕ್ಕಿಳಿಸಬೇಕೆಂದು ಅಮೆರಿಕದಲ್ಲಿ ಔಷಧದ ಲೇಬಲ್‌ನಲ್ಲೇ ಬರೆದಿದೆ.

ಇಲ್ಲಿಯವರೆಗೆ ಹೇಳಿದ್ದು ಒಂದೆರಡು ಗಂಟೆಗಳಲ್ಲಿ ಕಾಣುವ ಪರಿಣಾಮಗಳು. ರೋಗಿಗಳು ಮತ್ತು ಅವರ ಮನೆಯವರು ಹೆಚ್ಚು ಹೆದರುವುದು ವರ್ಷಗಳ ಮೇಲೆ ಬರುವ ಟಾರ್ಡಿವ್ ಡಿಸ್ಕಿನೇಶಿಯಾಕ್ಕೆ: ನಾಲಿಗೆ ತಾನಾಗಿ ಹೊರಳುವುದು, ತುಟಿ ಚಪ್ಪರಿಸುವುದು, ದವಡೆ ಆಡುತ್ತಲೇ ಇರುವುದು. ಹಳೆಯ ಪೀಳಿಗೆಯ ಔಷಧ ಪಡೆಯುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಐವರಂತೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ, ಔಷಧ ನಿಲ್ಲಿಸಿದರೂ ಕೆಲವರಲ್ಲಿ ಉಳಿದುಬಿಡುತ್ತದೆ. ಇನ್ನು ಕೆಲವರು ದಶಕಗಳ ಕಾಲ ಅದೇ ಔಷಧ ತೆಗೆದುಕೊಂಡರೂ ಅವರಿಗೆ ಏನೂ ಆಗುವುದಿಲ್ಲ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡವೊಂದು 27 ತಳಿಗಳ ಇಲಿಗಳ ಚರ್ಮದಡಿ ನಿಧಾನವಾಗಿ ಕರಗುವ ಹ್ಯಾಲೊಪೆರಿಡಾಲ್ ಗುಳಿಗೆ ಇಟ್ಟು, ವಾರಗಟ್ಟಲೆ ಕಾಲ ಅವುಗಳ ಬಾಯಿಯ ಚಲನೆಯನ್ನು ದಾಖಲಿಸಿತು. ಬಾಯಲ್ಲಿ ಏನೂ ಇಲ್ಲದೆ ಜಗಿಯುವ ಈ ಚಲನೆಯನ್ನು ಟಾರ್ಡಿವ್ ಡಿಸ್ಕಿನೇಶಿಯಾದ ಮಾದರಿ ಎಂದು ಪರಿಗಣಿಸುತ್ತಾರೆ. ಕೆಲವು ತಳಿಗಳು ಎಡೆಬಿಡದೆ ಜಗಿದವು, ಕೆಲವು ಹೆಚ್ಚೂಕಡಿಮೆ ಮೊದಲಿನಂತೆಯೇ ಉಳಿದವು. ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಬಹಳ ದೊಡ್ಡದೆಂದು 2012ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿತು.

ಅದೇ ವಲಯದ ಸಂಶೋಧಕರು ಮುಂದೆ ಇನ್ನೂ ಸೂಕ್ಷ್ಮವಾದ ಪ್ರಯೋಗಕ್ಕೆ ಕೈಹಾಕಿದರು. ಪ್ರಯೋಗಾಲಯದ ಹಳೆಯ ತಳಿಗಳ ಜೊತೆಗೆ ಕಾಡಿಲಿಗಳಿಂದ ಪಡೆದ ತಳಿಗಳೂ ಸೇರಿದಂತೆ ಎಂಟು ತಳಿಗಳನ್ನು ಆರಿಸಿ, ಪ್ರತಿಯೊಂದನ್ನೂ ಉಳಿದ ಪ್ರತಿಯೊಂದರ ಜೊತೆ, ಒಮ್ಮೆ ತಾಯಿಯಾಗಿ ಒಮ್ಮೆ ತಂದೆಯಾಗಿ ಬೆರೆಸಿ, ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಔಷಧವನ್ನೂ ಕೆಲವಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಈ ವಿನ್ಯಾಸದ ಬೆಲೆ ಇರುವುದು ಅದು ಕೇಳುವ ಪ್ರಶ್ನೆಗಳಲ್ಲಿ. ತಂದೆ ತಾಯಿಯ ಗುಣಗಳು ಕೂಡಿಕೊಂಡು ಬರುವುದೆಷ್ಟು, ಒಂದು ಇನ್ನೊಂದನ್ನು ಮರೆಮಾಡುವುದೆಷ್ಟು, ತಾಯಿ ಯಾರೆಂಬುದರಿಂದ ಆಗುವುದೆಷ್ಟು, ಮತ್ತು ಇವೆಲ್ಲ ಗಂಡಿನಲ್ಲಿ ಒಂದು ಬಗೆ ಹೆಣ್ಣಿನಲ್ಲಿ ಇನ್ನೊಂದು ಬಗೆ ಇರುತ್ತದೆಯೇ ಎಂಬುದನ್ನು ಬೇರೆ ಬೇರೆಯಾಗಿ ಅಳೆಯಲು ಬರುತ್ತದೆ. ಮನುಷ್ಯರಾರೂ ಒಳಸಂತಾನದ ತಳಿಗಳಲ್ಲ, ನಾವೆಲ್ಲ ಬೆರಕೆಯೇ. ಆದ್ದರಿಂದ ಒಂದೇ ತಳಿಯ ಇಲಿಗಿಂತ ಇಂಥ ಬೆರಕೆ ಇಲಿಗಳ ಸಮೂಹ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೆಚ್ಚು ಹತ್ತಿರವಾದುದು. ಲಿಂಗಭೇದದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಓಲಾಂಜಪಿನ್ ಎಂಬ ಆಂಟಿಸೈಕೋಟಿಕ್‌ನಿಂದ ಮನುಷ್ಯರಲ್ಲಿ ಗಂಡು ಹೆಣ್ಣೆನ್ನದೆ ತೂಕ ಏರುತ್ತದೆ, ಆದರೆ ರ‍್ಯಾಟ್ ಜಾತಿಯ ದೊಡ್ಡ ಇಲಿಗಳಲ್ಲಿ ಅದು ಮುಖ್ಯವಾಗಿ ಹೆಣ್ಣುಗಳಲ್ಲಿ ಕಾಣುತ್ತದೆ. ಗಂಡು ಇಲಿಗಳನ್ನಷ್ಟೇ ಬಳಸುವ ಹಳೆಯ ರೂಢಿಯಲ್ಲಿ ಇಷ್ಟು ದೊಡ್ಡ ಅಡ್ಡಪರಿಣಾಮವೇ ಕಣ್ಣಿಗೆ ಬೀಳದೆ ಹೋಗಬಹುದು.

ಟಾರ್ಡಿವ್ ಡಿಸ್ಕಿನೇಶಿಯಾಕ್ಕೆ 2017ರಲ್ಲಿ ಅಮೆರಿಕ ಮೊದಲ ಬಾರಿ ಅನುಮೋದಿಸಿದ ಎರಡು ಔಷಧಗಳು, ವ್ಯಾಲ್‌ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್, ಡೋಪಮಿನ್ ಅನ್ನು ಕೋಶದೊಳಗಿನ ಚೀಲಗಳಿಗೆ ತುಂಬುವ ವಿಮ್ಯಾಟ್2 ಎಂಬ ಪ್ರೊಟೀನನ್ನು ತಡೆಯುತ್ತವೆ. ನಮ್ಮ ಸರ್ಪಗಂಧಿಯ ಬೇರಿನಿಂದ ಬರುವ ರೆಸರ್ಪಿನ್ ಕೂಡ ಮಾಡುವುದು ಇದನ್ನೇ. 1950ರ ದಶಕದಲ್ಲಿ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಸ್ತಬ್ಧಗೊಳಿಸಿದ ಪ್ರಾಣಿಗಳನ್ನು, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟು ಮತ್ತೆ ಓಡಾಡುವಂತೆ ಮಾಡಿದ್ದರಿಂದಲೇ ಚಲನೆಗೆ ಡೋಪಮಿನ್ ಬೇಕೆಂಬುದು ಸ್ಪಷ್ಟವಾಯಿತು. 2000ದಲ್ಲಿ ಅವರಿಗೆ ಸಂದ ನೊಬೆಲ್ ಪ್ರಶಸ್ತಿಯ ಹಿಂದೆ ಆ ಕೆಲಸವಿತ್ತು. ಹೊಸ ಎರಡೂ ಔಷಧಗಳ ಪ್ರಮಾಣ ನಿರ್ಧರಿಸುವಾಗ ಮತ್ತೆ ಸಿವೈಪಿ2ಡಿ6 ಅಡ್ಡ ಬರುತ್ತದೆ.

ಈಗ ಕಷ್ಟದ ಭಾಗ. ಔಷಧದಿಂದ ರೋಗ ಗುಣವಾಗುವುದನ್ನು ಇಲಿಯಲ್ಲಿ ಅಳೆಯುವುದು ಹೇಗೆ? ಇಲಿ ತನಗೆ ಅಶರೀರ ಧ್ವನಿ ಕೇಳುತ್ತಿದೆ ಎಂದು ಹೇಳಲಾರದು. ಹಾಗಾಗಿ ಸಂಶೋಧಕರು ಬದಲಿ ಅಳತೆಗಳನ್ನು ಆರಿಸಿಕೊಳ್ಳುತ್ತಾರೆ. ದೊಡ್ಡ ಸದ್ದಿಗೆ ಬೆಚ್ಚುವ ಪ್ರಾಣಿ, ಅದಕ್ಕೆ ಮೊದಲು ಒಂದು ಸಣ್ಣ ಸದ್ದು ಬಂದರೆ ಕಡಿಮೆ ಬೆಚ್ಚುತ್ತದೆ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಈ ತಗ್ಗುವಿಕೆ ಕ್ಷೀಣವಾಗಿರುತ್ತದೆ. ಡಿಬಿಎ/2ಜೆ ಇಲಿಗಳಲ್ಲಿ ಅದು ಹುಟ್ಟಿನಿಂದಲೇ ಕ್ಷೀಣ, ಆಂಟಿಸೈಕೋಟಿಕ್ ಕೊಟ್ಟರೆ ಸುಧಾರಿಸುತ್ತದೆ. ಆಕರ್ಷಕವಾದ ಸಾಮ್ಯ, ಆದರೆ ಇದೇ ಡಿಬಿಎ ತಳಿ ವಯಸ್ಸಾಗುತ್ತಿದ್ದಂತೆ ಬಹುಬೇಗ ಕಿವುಡಾಗುವ ತಳಿ ಎಂಬುದನ್ನು ನೆನಪಿಟ್ಟುಕೊಂಡೇ ಇಂಥ ಫಲಿತಾಂಶಗಳನ್ನು ಓದಬೇಕು.

ಸ್ಕಾಟ್ಲೆಂಡಿನ ಒಂದು ಕುಟುಂಬದಲ್ಲಿ ಮನೋರೋಗಗಳ ಜೊತೆಯಲ್ಲೇ ಸಾಗಿಬರುತ್ತಿದ್ದ ವರ್ಣತಂತು ಮುರಿತದಿಂದ ಗುರುತಿಸಲಾದ ಡಿಸ್ಕ್1 ಜೀನ್‌ನ ಕಥೆ ಇನ್ನಷ್ಟು ಎಚ್ಚರಿಕೆ ಕಲಿಸುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಜೀನ್‌ನ ಎರಡು ಬೇರೆ ಬೇರೆ ರೂಪಾಂತರಗಳುಳ್ಳ ಇಲಿಗಳನ್ನು ಪರೀಕ್ಷಿಸಿ, ಒಂದರಲ್ಲಿ ಸ್ಕಿಜೋಫ್ರೀನಿಯಾವನ್ನು ಹೋಲುವ, ಹ್ಯಾಲೊಪೆರಿಡಾಲ್ ಮತ್ತು ಕ್ಲೋಜಪಿನ್‌ಗೆ ಸುಧಾರಿಸುವ ವರ್ತನೆ, ಇನ್ನೊಂದರಲ್ಲಿ ಖಿನ್ನತೆಯನ್ನು ಹೋಲುವ, ಖಿನ್ನತೆಯ ಔಷಧಕ್ಕೆ ಸುಧಾರಿಸುವ ವರ್ತನೆ ಕಂಡಿತೆಂದು ವರದಿಯಾಯಿತು. ಒಂದೇ ಜೀನ್, ಎರಡು ರೂಪ, ಎರಡು ಔಷಧ: ಬಹುದೊಡ್ಡ ಭರವಸೆ ಹುಟ್ಟಿಸಿದ ಫಲಿತಾಂಶ ಅದು. 2012ರಲ್ಲಿ ಜಪಾನಿನ ತಂಡ ಅವೇ ರೂಪಾಂತರಗಳ ಇಲಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿದಾಗ ಆ ವರ್ತನೆಗಳು ಕಾಣಲೇ ಇಲ್ಲ. ಇಂಥ ಅಂತರಗಳಿಗೆ ಒಂದು ಕಾರಣವನ್ನು 1999ರಲ್ಲೇ ತೋರಿಸಿಕೊಡಲಾಗಿತ್ತು: ಪೋರ್ಟ್‌ಲೆಂಡ್, ಆಲ್ಬನಿ ಮತ್ತು ಕೆನಡಾದ ಎಡ್ಮಂಟನ್ ಎಂಬ ಮೂರು ಕಡೆ ಅವೇ ತಳಿಗಳನ್ನು, ಅದೇ ದಿನ, ಅದೇ ಉಪಕರಣದಲ್ಲಿ, ಅದೇ ಕ್ರಮದಲ್ಲಿ ಪರೀಕ್ಷಿಸಿದರೂ ಕೆಲವು ವರ್ತನೆಗಳ ಫಲಿತಾಂಶ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗಿತ್ತು. ತಳಿಗಳ ನಡುವಿನ ದೊಡ್ಡ ವ್ಯತ್ಯಾಸಗಳು ಎಲ್ಲೆಡೆ ಉಳಿದವು, ಸಣ್ಣವು ಉಳಿಯಲಿಲ್ಲ. ಸರಳಿನ ಮೇಲೆ ಸ್ತಬ್ಧವಾಗುವುದು ದೊಡ್ಡ, ಒರಟು ಪರಿಣಾಮ. ಬೆಚ್ಚುವಿಕೆ ತುಸು ತಗ್ಗುವುದು ಸಣ್ಣದು. ಅಡ್ಡಪರಿಣಾಮಗಳ ವಂಶವಾಹಿ ನಕ್ಷೆ ಗಟ್ಟಿಯಾಗಿ ನಿಂತು, ಚಿಕಿತ್ಸೆಯ ನಕ್ಷೆ ಅಲುಗಾಡುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಹಾಗೆಂದು ಚಿಕಿತ್ಸೆಯ ಕಡೆ ಏನೂ ದಕ್ಕಿಲ್ಲವೆಂದರೆ ಅನ್ಯಾಯವಾದೀತು. ಡಿಸ್‌ಬೈಂಡಿನ್ ಎಂಬ ಪ್ರೊಟೀನ್ ಕಡಿಮೆಯಿರುವ ಇಲಿಗಳಲ್ಲಿ ಆಂಟಿಸೈಕೋಟಿಕ್‌ಗಳು ಅರಿವಿನ ಸಾಮರ್ಥ್ಯವನ್ನು ಸುಧಾರಿಸುತ್ತವೆಂದೂ, ಅದೇ ಜೀನ್‌ನ ಕೆಲವು ರೂಪಗಳಿರುವ ರೋಗಿಗಳಲ್ಲೂ ಅದೇ ದಿಕ್ಕಿನ ಫಲ ಕಂಡಿತೆಂದೂ 2018ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಲ್ಲಿ ಕೂಡಲೇ ಪರೀಕ್ಷಿಸಿ ನೋಡುವ ಆ ಕ್ರಮ ಸರಿಯಾದುದು. ಇನ್ನೊಂದು ಉದಾಹರಣೆ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಕ್ಸನೋಮೆಲಿನ್ ಮತ್ತು ಟ್ರಾಸ್ಪಿಯಂ ಜೋಡಿ ಔಷಧ. ಇದು ಡಿ2 ಗ್ರಾಹಕವನ್ನು ಮುಟ್ಟುವುದಿಲ್ಲ. ಅಸಿಟೈಲ್‌ಕೋಲಿನ್ನಿನ ಎಂ1, ಎಂ4 ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಆಂಫೆಟಮಿನ್ ಎಂಬ ಉತ್ತೇಜಕ ಕೊಟ್ಟಾಗ ಇಲಿಗಳು ಹುಚ್ಚೆದ್ದು ಓಡುವುದನ್ನು ಕ್ಸನೋಮೆಲಿನ್ ತಗ್ಗಿಸುತ್ತದೆ. ಎಂ4 ಜೀನ್ ತೆಗೆದ ಇಲಿಗಳಲ್ಲಿ ಆ ಪರಿಣಾಮ ಇಲ್ಲವಾಯಿತು. ಯಾವ ಗ್ರಾಹಕದ ಮೂಲಕ ಔಷಧ ಕೆಲಸ ಮಾಡುತ್ತದೆಂದು ತಿಳಿಯಲು ಜೀನ್ ತೆಗೆದ ಇಲಿಗೆ ಸಾಟಿಯಾದ ಸಾಧನ ಆಗ ಬೇರೊಂದಿರಲಿಲ್ಲ.

ಪ್ರಾಣಿ ಪರೀಕ್ಷೆಯ ಕಡ್ಡಾಯವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕಾನೂನಿನಿಂದ ತೆಗೆದುಹಾಕಿತು. ಭಾರತವೂ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಕೋಶಗಳಿಂದ ಬೆಳೆಸಿದ ಅಂಗಾಂಶಗಳು, ಕಂಪ್ಯೂಟರ್ ಮಾದರಿಗಳು ಮೊದಲಾದ ಬದಲಿ ವಿಧಾನಗಳಿಗೆ ಅವಕಾಶ ಮಾಡಿಕೊಟ್ಟಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹಾಗೂ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ, ತೀವ್ರ ಮನೋರೋಗಗಳು ಒಬ್ಬರಿಗಿಂತ ಹೆಚ್ಚು ಜನರಲ್ಲಿರುವ ಕುಟುಂಬಗಳ ಸದಸ್ಯರ ರಕ್ತದಿಂದ ಕಾಂಡಕೋಶಗಳನ್ನು ರೂಪಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸುವ ಕೆಲಸವನ್ನು ಹಲವು ವರ್ಷಗಳಿಂದ ನಡೆಸುತ್ತಿವೆ. ಆ ಕೋಶಗಳಲ್ಲಿರುವುದು ನಮ್ಮದೇ ಜನರ ವಂಶವಾಹಿಗಳು. ಔಷಧ ಗ್ರಾಹಕಕ್ಕೆ ಅಂಟುವುದನ್ನೂ ಕೋಶದೊಳಗೆ ಆಗುವ ಬದಲಾವಣೆಯನ್ನೂ ಅವು ಯಾವ ಡಿಬಿಎ ಇಲಿಗಿಂತಲೂ ನಮಗೆ ಹತ್ತಿರವಾಗಿ ತೋರಿಸಬಲ್ಲವು. ರೋಗ ಮತ್ತು ಚಿಕಿತ್ಸೆಯ ಪ್ರಶ್ನೆಗಳನ್ನು ಇಲಿಯಿಂದ ಈ ಕೋಶಗಳ ಕಡೆಗೆ, ರೋಗಿಗಳ ಕಡೆಗೆ ಸಾಗಿಸುವುದು ಸರಿಯೆಂದೇ ನಾನು ಭಾವಿಸುತ್ತೇನೆ. ಆದರೆ ತಟ್ಟೆಯಲ್ಲಿ ಬೆಳೆದ ನರಕೋಶಕ್ಕೆ ದವಡೆ ಇಲ್ಲ, ಕೈ ನಡುಗುವುದಿಲ್ಲ, ತಿಂಗಳುಗಟ್ಟಲೆ ಔಷಧ ಕೊಟ್ಟರೆ ನಡಿಗೆ ಬಿಗಿಯುವುದಿಲ್ಲ. ಚಲನೆಯ ಅಡ್ಡಪರಿಣಾಮಗಳ ಮಟ್ಟಿಗೆ ಇಡೀ ಪ್ರಾಣಿ ಇನ್ನೂ ಬೇಕು, ಮತ್ತು ಅದು ಒಂದೇ ತಳಿಯ ಗಂಡು ಇಲಿಯಾಗಿರಬಾರದು.

1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮುಂದೆ ದೇಶಕ್ಕೇ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರ ಕೈಗೆ ಮನೋರೋಗದ ಔಷಧಗಳನ್ನು ಕೊಟ್ಟ ಆ ವ್ಯವಸ್ಥೆ ನಿಂತದ್ದು ಅಗ್ಗವಾದ, ಹಳೆಯ ಪೀಳಿಗೆಯ ಆಂಟಿಸೈಕೋಟಿಕ್‌ಗಳ ಮೇಲೆ. ಹ್ಯಾಲೊಪೆರಿಡಾಲ್ ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಒಂದೇ ಪ್ರಮಾಣಕ್ಕೆ ಒಬ್ಬರು ಹೊಲದ ಕೆಲಸಕ್ಕೆ ಮರಳಿ, ಇನ್ನೊಬ್ಬರು ಮೈ ಬಿಗಿದು ಮೂಲೆ ಹಿಡಿದಾಗ, ಎರಡನೆಯವರು ಮಾತ್ರೆ ಬಿಡುತ್ತಾರೆ, ರೋಗ ಮರುಕಳಿಸುತ್ತದೆ. ಅಂಥವರನ್ನು ಹಟಮಾರಿಗಳೆಂದು ನೋಡದೆ, ಅವರ ದೇಹ ಔಷಧವನ್ನು ಬೇರೆ ಬಗೆಯಲ್ಲಿ ಬರಮಾಡಿಕೊಂಡಿರಬಹುದೆಂದು ವೈದ್ಯರು ಎಣಿಸುವುದಕ್ಕೆ ದುಬಾರಿ ಜೀನ್ ಪರೀಕ್ಷೆಯೇ ಬೇಕೆಂದಿಲ್ಲ. ಕಡಿಮೆ ಪ್ರಮಾಣದಿಂದ ಆರಂಭಿಸುವುದು, ಪ್ರತಿ ಭೇಟಿಯಲ್ಲೂ ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು, ಮೊಣಕೈ ಮಡಚಿ ಬಿಗಿತ ಪರೀಕ್ಷಿಸುವುದು, ಬಾಯಿ ತೆರೆಸಿ ನಾಲಿಗೆಯ ಚಲನೆ ಗಮನಿಸುವುದು, ಮನೆಯಲ್ಲಿ ಇನ್ನಾರಿಗಾದರೂ ಇದೇ ಔಷಧದಿಂದ ತೊಂದರೆಯಾಗಿತ್ತೇ ಎಂದು ಕೇಳುವುದು ಇಂದೇ ಸಾಧ್ಯ. ಸಿವೈಪಿ2ಡಿ6 ಪರೀಕ್ಷೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ತರುವುದಾದರೆ, ಸಣ್ಣ ಪ್ರಮಾಣಕ್ಕೇ ತೀವ್ರ ತೊಂದರೆ ಅನುಭವಿಸಿದವರಿಂದಲೇ ಅದನ್ನು ಆರಂಭಿಸಬಹುದು.